ಅಂಗಡಿಯ ವಿಳಾಸಕ್ಕೆ

ಬೈಲಹೊಂಗಲ
೧೨ ಆಗಸ್ಟ್ ೨೦೨೪

ಅನ್ನಪೂರ್ಣಾ,

ಲಕೋಟೆ ನೋಡಿ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ, ಯಾರೂ ಪಾಲು ಕೇಳಿಲ್ಲ. ಫೋನು ಇರುವಾಗ ಅಪ್ಪ ಪೆನ್ನು ಹಿಡಿದದ್ದು ಯಾಕೆಂದರೆ, ನಮ್ಮ ಮನೆಯ ಫೋನು ಈಗ ಫೋನಾಗಿ ಉಳಿದಿಲ್ಲ, ಬಸ್ ಸ್ಟ್ಯಾಂಡಿನ ಮೈಕಾಗಿದೆ. ನಿನ್ನವ್ವ ಸ್ಪೀಕರ್ ಹಚ್ಚಿ ಕಟ್ಟೆಯ ಮೇಲೆ ಇಟ್ಟುಕೊಂಡು ಕೂರುತ್ತಾಳೆ. ನೀನು ದಾರ್ ಎಸ್ ಸಲಾಮಿನಲ್ಲಿ ಕೆಮ್ಮಿದರೆ ಇಲ್ಲಿ ಓಣಿಗೆ ಓಣಿಯೇ ಕಷಾಯ ಹೇಳುತ್ತದೆ. ನನ್ನ ಹತ್ತಿರ ಏನಾದರೂ ಖಾಸಗಿ ಮಾತಿದ್ದರೆ ಅಂಗಡಿಯ ವಿಳಾಸಕ್ಕೆ ಬರೆ. ಅಲ್ಲಿ ನಿನ್ನ ತಮ್ಮ ಸಿದ್ದರಾಮನಿಗೆ ಲಕೋಟೆ ಕಂಡರೆ ಟ್ಯಾಕ್ಸಿನ ನೋಟೀಸೇ ಇರಬೇಕೆಂಬ ಹೆದರಿಕೆ, ಮುಟ್ಟುವುದಿಲ್ಲ.

ನಿನಗೆ ಬದಲಾಗಿ ಅಲ್ಲಿಂದ ದಿಲ್ಲಿಗೆ ಬಂದಿರುವ ಅಧಿಕಾರಿ, ನಿನ್ನ ಜೋಡಿದಾರ, ಬಂದು ಹೋದ. ಎರಡೂ ಸರಕಾರದವರು ಹೆಣ್ಣು ಕೊಟ್ಟು ಹೆಣ್ಣು ತಂದುಕೊಳ್ಳುವ ಬೀಗರ ಹಾಗೆ ವ್ಯವಹಾರ ಮಾಡಿಕೊಂಡಿದ್ದಾರೆ: ನೀನು ಅವರ ಊರಿನಲ್ಲಿ ಕೂತು ನಮ್ಮ ಪಂಪು, ಔಷಧ ಮಾರಿಸಬೇಕು, ಆತ ದಿಲ್ಲಿಯಲ್ಲಿ ಕೂತು ಅವರ ಕಡಲೆ, ತೊಗರಿ ಮಾರಿಸಬೇಕು. ಅವರ ಕಡಲೆ ಬಂದಷ್ಟೂ ನನ್ನ ಅಡತಿ ಅಂಗಡಿಯಲ್ಲಿ ಸವದತ್ತಿ, ರಾಮದುರ್ಗದ ಕಡಲೆಯ ದರ ಇಳಿಯುತ್ತದೆ. ಆದರೂ ನೀನು ಹೇಳಿದ್ದೀ ಎಂದು ಆತನಿಗೆ, ಆತನ ಹೆಂಡತಿ ನೀಮಾಗೆ ಎಣ್ಣೆಹೋಳಿಗೆ ಹಾಕಿಸಿದೆ. ನನ್ನ ವೈರಿಗೆ ನಾನೇ ತುಪ್ಪ ಬಡಿಸಿದಂತಾಯಿತು.

ಆತನ ಎಲಿಯಾ ಎಂಬ ಹೆಸರು ನಿನ್ನವ್ವನ ನಾಲಗೆಗೆ ಹತ್ತಲಿಲ್ಲ. ಊಟಕ್ಕೆ ಕೂರುವುದರೊಳಗೆ ಆತ ಯಲ್ಲಪ್ಪ ಆದ. "ಏನಪಾ ಯಲ್ಲಪ್ಪ, ನಮ್ಮ ಹುಡುಗಿಗೆ ನಿಮ್ಮ ಊರಾಗ ರೊಟ್ಟಿ ಸಿಗತಾವೇನ?" ಎಂದು ಕೇಳಿದಳು. ಆತ ಎಲ್ಲದಕ್ಕೂ "ಹೂನ್ರಿ ಅವ್ವಾರ" ಎಂದ. ಅಷ್ಟು ಕನ್ನಡವನ್ನು ಬಾಡಿಗೆ ಕಾರಿನ ಮಡಿವಾಳೆಪ್ಪ ದಾರಿಯಲ್ಲೇ ಕಲಿಸಿದ್ದನಂತೆ. ಮಧ್ಯಾಹ್ನ ಕಿತ್ತೂರಿಗೆ ಕರೆದುಕೊಂಡು ಹೋದೆ. ಬಿದ್ದ ಕೋಟೆಯ ಗೋಡೆ ಮುಟ್ಟಿ, ಯಾರು ಕೆಡವಿದರು ಎಂದ. ಇಂಗ್ಲಿಷರು ಎಂದೆ. ನಮ್ಮ ಕಡೆ ಮೊದಲು ಜರ್ಮನರು ಬಂದರು, ಆಮೇಲೆ ಇವರೇ ಎಂದು ನಕ್ಕ. ಒಳ್ಳೆಯ ಹುಡುಗ. ಕಡಲೆ ಮಾರದಿದ್ದರೆ ಇನ್ನೂ ಒಳ್ಳೆಯವನಾಗಿರುತ್ತಿದ್ದ.

ಇನ್ನು ನಿನ್ನ ಸುದ್ದಿ. ನೀನು ಬಸುರಿ ಎಂದು ತಿಳಿದ ದಿನದಿಂದ ನಿನ್ನವ್ವ ಮನೆಯ ಕ್ಯಾಲೆಂಡರನ್ನು ತನ್ನ ವಶಕ್ಕೆ ತೆಗೆದುಕೊಂಡಿದ್ದಾಳೆ. ಏಳು ತಿಂಗಳು ತುಂಬುವುದು ಡಿಸೆಂಬರಿನಲ್ಲಂತೆ. ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿ ಕುಬಸ ಮಾಡುವುದು ತವರಿನಲ್ಲೇ ಆಗಬೇಕು, ಸರಕಾರ ಬಂದು ಅಡ್ಡ ಬಿದ್ದರೂ ಬಿಡುವುದಿಲ್ಲವಂತೆ. ಜೂನಿನಲ್ಲಿ ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದವಳು ಈಗ ಅಟ್ಟ ಹತ್ತಿ ಪಾತ್ರೆ ಇಳಿಸುತ್ತಿದ್ದಾಳೆ. ರಜೆಗೆ ಈಗಲೇ ಹಾಕು.

ನಿನ್ನ ಅಪ್ಪ
ಅಮೋಘಸಿದ್ದಪ್ಪ


ದಾರ್ ಎಸ್ ಸಲಾಮ್
೩ ಸೆಪ್ಟೆಂಬರ್ ೨೦೨೪

ಅಪ್ಪಾ,

ಅಂಗಡಿಯ ವಿಳಾಸಕ್ಕೇ ಬರೆದಿದ್ದೇನೆ. ಕಡಲೆಯ ದರ ಇಳಿದರೆ ನನ್ನನ್ನು ಬೈಯಬೇಡಿ, ಅದು ಎಲಿಯಾನ ಖಾತೆ. ಮೊನ್ನೆ ಇಲ್ಲಿನ ವ್ಯಾಪಾರಿಯೊಬ್ಬರು ನಮ್ಮ ಪಂಪ್‌ಸೆಟ್ಟಿಗೆ ಎಷ್ಟು ವರ್ಷದ ಗ್ಯಾರಂಟಿ ಎಂದು ಕೇಳಿದಾಗ ನಿಮ್ಮದೇ ದನಿಯಲ್ಲಿ "ನಾವು ಇರೂ ತನಕ" ಎನ್ನಬೇಕೆನಿಸಿತು. ಹೇಳಲಿಲ್ಲ. ನಾನು ಸರಕಾರ.

ಊಟದ ಚಿಂತೆ ಬೇಡ ಎಂದು ಅವ್ವನಿಗೆ ಹೇಳಿ. ಎಲಿಯಾನ ತಾಯಿ ಊರ ಹೊರಗೆ ಕಿಬಾಹಾದಲ್ಲಿ ಇರುತ್ತಾರೆ. "ನಿನ್ನ ಮನೆಯವರನ್ನು ನಾನು ನೋಡಿಕೊಂಡು ಬರುತ್ತೇನೆ, ನನ್ನ ತಾಯಿ ನಿನ್ನನ್ನು ನೋಡಿಕೊಳ್ಳುತ್ತಾಳೆ" ಎಂದು ಎಲಿಯಾ ದಿಲ್ಲಿಗೆ ಹೋಗುವಾಗಲೇ ಮಾತು ಮಾಡಿಕೊಂಡಿದ್ದ. ಭಾನುವಾರ ತಪ್ಪದೆ ಡಬ್ಬಿ ಹಿಡಿದು ಬರುತ್ತಾರೆ, ಬಾಳೆಕಾಯಿಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ. ಇಲ್ಲಿ ತಾಯಂದಿರನ್ನು ಹೆಸರು ಹಿಡಿದು ಕರೆಯುವುದಿಲ್ಲ, ಮಗುವಿನ ಹೆಸರಿನಿಂದ ಕರೆಯುತ್ತಾರೆ. ಅವರು ಮಾಮಾ ಎಲಿಯಾ. "ಫೆಬ್ರುವರಿಯಲ್ಲಿ ಹೆತ್ತ ನಂತರ ನಿನ್ನ ಹೆಸರು ಯಾರಿಗೂ ನೆನಪಿರುವುದಿಲ್ಲ ನೋಡು" ಎಂದು ತಮಾಷೆ ಮಾಡುತ್ತಾರೆ.

ನೀಮಾ ಕೂಡ ಬಸುರಿ, ನನಗಿಂತ ಒಂದು ತಿಂಗಳು ಹಿಂದೆ. ನಿಮ್ಮ ಮನೆಯಲ್ಲಿ ನಾಚಿಕೊಂಡು ಹೇಳಲಿಲ್ಲವಂತೆ.

ನಿಮ್ಮ ಅಳಿಯ ಅಜಿತ ಅವರಿಗೆ ಪುಣೆಯ ಬ್ಯಾಂಕಿನಲ್ಲಿ ಜನವರಿವರೆಗೆ ರಜೆ ಇಲ್ಲ. ನನಗೆ ಡಿಸೆಂಬರ್ ಎರಡನೆಯ ವಾರದಿಂದ ಸಿಗುತ್ತದೆ. ಬರುತ್ತೇನೆ.

ನಿಮ್ಮ
ಅನ್ನಪೂರ್ಣಾ


ಬೈಲಹೊಂಗಲ
೩೦ ಸೆಪ್ಟೆಂಬರ್ ೨೦೨೪

ಅನ್ನಪೂರ್ಣಾ,

ಸೀರೆ ಬಂತು. ಬಂತು ಎಂದರೆ, ರಾಮದುರ್ಗದ ನೇಕಾರ ಪರಶು ತಾನೇ ತಂದು ಕೊಟ್ಟ. ನಿನ್ನವ್ವ ಬೆಳಕಿಗೆ ಹಿಡಿದು, "ಇದು ಯಾವ ಹಸರಪ್ಪ? ನಾ ಹೇಳಿದ್ದು ಗಿಣಿ ಹಸರ, ನೀ ತಂದಿದ್ದು ಪಾಚಿ ಹಸರ" ಎಂದು ವಾಪಸು ಕಳಿಸಿದಳು. ಎರಡನೆಯ ಸಲ ಆತ ಒಂದು ಎಲೆ ಹರಿದುಕೊಂಡು ಬಂದಿದ್ದ, "ಅವ್ವಾರ, ಇದರ ಜೋಡಿ ಹಿಡದ ನೋಡ್ರಿ, ಆಮ್ಯಾಗ ಬೈರಿ" ಎಂದು. ಬೈಯಲು ಏನೂ ಸಿಗದೆ ನಿನ್ನವ್ವನಿಗೆ ಆ ದಿನವೆಲ್ಲ ಸಪ್ಪೆಯಾಗಿತ್ತು.

ನವಿಲುತೀರ್ಥದ ಆಣೆಕಟ್ಟಿನ ನೀರು ಕಾಲುವೆಗೆ ಬಿಟ್ಟಿದ್ದಾರೆ, ಈ ಸಲ ಮನೋಳಿ ಕಡೆ ಕಡಲೆ ಚೆನ್ನಾಗಿ ಬರಬಹುದು. ನಿನ್ನ ಸೋದರಮಾವಂದಿರು ಕುಬಸಕ್ಕೆ ಒಂದು ಟ್ರ್ಯಾಕ್ಸ್ ತುಂಬ ಬರುತ್ತಾರಂತೆ. ಸಿದ್ದರಾಮನ ಹೆಂಡತಿ ಮಾಲಾ ಹೋಳಿಗೆಯ ಲೆಕ್ಕ ಹಾಕಿದಳು. ನಾನು ನೋಡಿ ಎರಡರಷ್ಟು ಮಾಡಿದೆ. ನಮ್ಮ ಬೀಗರ ಹೊಟ್ಟೆ ನನಗೆ ಗೊತ್ತು.

ಅಪ್ಪ


ದಾರ್ ಎಸ್ ಸಲಾಮ್
೨೯ ಅಕ್ಟೋಬರ್ ೨೦೨೪

ಅಪ್ಪಾ,

ಇದನ್ನು ಅಂಗಡಿಯಲ್ಲೇ ಓದಿ. ಮನೆಗೆ ಒಯ್ಯಬೇಡಿ.

ಕೂಸು ಉಳಿಯಲಿಲ್ಲ. ದಸರೆಯ ವಾರ. ಆರನೆಯ ತಿಂಗಳು ನಡೆದಿತ್ತು. ಆಸ್ಪತ್ರೆಯವರ ತಪ್ಪೇನೂ ಇಲ್ಲ, ನನ್ನ ತಪ್ಪೂ ಇಲ್ಲವಂತೆ. ಅಜಿತ ಅವರು ಬಂದು ಒಂದು ವಾರ ಇದ್ದು ಹೋದರು. ಅವರು ಬರುವ ಮೊದಲೇ ಎಲ್ಲ ಮುಗಿದಿತ್ತು. ಮಾಮಾ ಎಲಿಯಾ ಜೊತೆಗಿದ್ದರು.

ಆಫೀಸಿನಲ್ಲಿ ರಜೆ ಕೊಡುತ್ತೇವೆ ಎಂದರು. ನಾನೇ ಬೇಡ ಎಂದೆ. ಮನೆಯಲ್ಲಿ ಕೂತು ಏನು ನೋಡಲಿ? ಕಳೆದ ಸೋಮವಾರದಿಂದ ಹೋಗುತ್ತಿದ್ದೇನೆ.

ಅವ್ವನಿಗೆ ಹೇಳಬೇಡಿ. ಅವಳ ಎದೆ ಇನ್ನೂ ಹಸಿಯಾಗಿದೆ. ನಾನೇ ಯಾವತ್ತಾದರೂ ಎದುರಿಗೆ ಕೂತು ಹೇಳುತ್ತೇನೆ. ಆದರೆ ಡಿಸೆಂಬರಿನಲ್ಲಿ ಅಲ್ಲ. ಓಣಿಯವರು ಬಾಗಿಲಲ್ಲಿ ನಿಂತು ನನ್ನ ಹೊಟ್ಟೆ ನೋಡುವುದು ನನ್ನಿಂದ ಆಗುವುದಿಲ್ಲ.

ವಿಡಿಯೊ ಬರುವುದಿಲ್ಲ, ಇಲ್ಲಿ ನೆಟ್ ಸರಿಯಿಲ್ಲ ಎಂದು ಅವ್ವನಿಗೆ ಹೇಳಿದ್ದೇನೆ. ನಿನ್ನೆ, ಕೂಸು ಒದೆಯುತ್ತದೇನೇ ಎಂದು ಕೇಳಿದಳು. ಹೂಂ ಎಂದೆ.

ಅನ್ನಪೂರ್ಣಾ


ಬೈಲಹೊಂಗಲ
೧೧ ನವೆಂಬರ್ ೨೦೨೪

ಅನ್ನಪೂರ್ಣಾ,

ನಿನ್ನ ಪತ್ರ ಬಂದಾಗ ಸೋಯಾಬೀನ್ ಹರಾಜು ನಡೆದಿತ್ತು. ಓದಿ ಜೇಬಿನಲ್ಲಿಟ್ಟುಕೊಂಡು ಮತ್ತೆ ದರ ಕೂಗಿದೆ. ಆಗಲೇ ಹೋದ ರಾಶಿಯನ್ನೇ ಇನ್ನೊಂದು ಸಲ ಕೂಗುತ್ತಿದ್ದೆನಂತೆ. ಹಮಾಲ ಮುದಕಪ್ಪ ಬಂದು ತೋಳು ಹಿಡಿದ.

"ಸಾಹುಕಾರ, ಕಣ್ಣಾಗ ಏನ ಬಿತ್ರಿ?"

"ಸೋಯಾ ಧೂಳ."

"ಎರಡೂ ಕಣ್ಣಾಗ?"

"ಎರಡೂ."

ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಮನೋಳಿಯಿಂದ ಕಡಲೆ ತಂದು ಮಾರುತ್ತಿದ್ದ ನಾನು ಬಾಯಿಯ ಮೇಲೆ ಮನೆ ಕಟ್ಟಿದವನು. ಈ ಪತ್ರಕ್ಕೆ ಮಾತ್ರ ಮೂರು ಹಾಳೆ ಹರಿದೆ. ನೀನು ಊಟ ಮಾಡುತ್ತೀಯಾ? ನಿದ್ದೆ ಬರುತ್ತದೆಯೇ? ಇಷ್ಟೇ ಕೇಳಲು ಬರುತ್ತದೆ ನನಗೆ.

ನಿನ್ನ ಮಾತಿನಂತೆ ನಿನ್ನವ್ವನಿಗೆ ಹೇಳಿಲ್ಲ. ಕಳೆದ ವಾರ ಊಟದ ಹೊತ್ತಿನಲ್ಲಿ, "ಆಕಿಗೆ ಸೂಟಿ ಸಿಗಲಿಲ್ಲಂತ, ಡಿಸೆಂಬರಕ್ಕ ಬರೂದಿಲ್ಲಂತ" ಎಂದೆ. ತುತ್ತು ಕೈಯಲ್ಲೇ ನಿಂತಿತು.

"ಯಾರು ಕೊಡಲಿಲ್ಲ?"

"ದಿಲ್ಲಿಯವರು."

"ದಿಲ್ಲಿಯವರಿಗೆ ಹೆಣ್ಣಮಕ್ಕಳಿಲ್ಲೇನ?"

ಎರಡು ದಿನ ಅಟ್ಟ ಹತ್ತಲಿಲ್ಲ, ಕ್ಯಾಲೆಂಡರ್ ನೋಡಲಿಲ್ಲ. ಪೀಡೆ ತಪ್ಪಿತು ಎಂದುಕೊಂಡೆ. ಮೂರನೆಯ ದಿನ ಚಹಾ ತಂದು ಕೊಟ್ಟು ಎದುರಿಗೆ ಕೂತಳು. ಚಹಾದ ಜೊತೆ ಕೂತಳೆಂದರೆ ಏನೋ ಕೇಳುವುದಿದೆ ಎಂದೇ ಲೆಕ್ಕ.

"ಯಲ್ಲಪ್ಪನ ಹೇಣ್ತಿನೂ ಬಸರಾಗ್ಯಾಳಂತ, ಅನ್ನಪೂರ್ಣಾ ಫೋನಿನ್ಯಾಗ ಅಂದಿದ್ಳು. ಆಕಿ ತವರು ಇಲ್ಲೆಲ್ಲೈತಿ? ಸಮುದ್ರದ ಆಚೆ ಐತಿ. ನಮ್ಮ ಹುಡುಗಿಗೆ ಆಕಿ ಅತ್ತಿ ಅಲ್ಲಿ ಡಬ್ಬಿ ಹೊರತಾಳ. ನಾವು ಈಕಿಗೆ ಕುಬಸ ಮಾಡೂಣು. ಸೀರಿ ಪೆಟಿಗ್ಯಾಗ ಇಟ್ಟ ಏನ ಮಾಡೂದೈತಿ? ಆಕಿ ಉಟ್ರ ಈಕಿ ಉಟ್ಟಂಗ."

ಬೇಡವೆನ್ನಲು ಒಂದು ಕಾರಣ ಬೇಕು, ನನ್ನ ಹತ್ತಿರ ಇರುವುದು ಆ ಒಂದೇ ಕಾರಣ. ಆಲೋಚಿಸಿ ಹೇಳುತ್ತೇನೆ ಎಂದೆ. ಆಕೆ ಅಷ್ಟರಲ್ಲಿ ಮಾಲಾಳಿಂದ ದಿಲ್ಲಿಗೆ ಫೋನು ಮಾಡಿಸಿಬಿಟ್ಟಿದ್ದಾಳೆ. ಡಿಸೆಂಬರ್ ಹದಿನೈದು, ಭಾನುವಾರ. ಬರುತ್ತೇವೆ ಎಂದಿದ್ದಾರೆ.

ನೀನು ಬೇಡ ಎಂದರೆ ನಿಲ್ಲಿಸುತ್ತೇನೆ. ನನ್ನ ಕಾಲು ಮುರಿಯಿತು ಎಂದು ಮಲಗಿಬಿಡುತ್ತೇನೆ. ಒಂದು ಮಾತು ಬರೆ.

ಅಪ್ಪ


ದಾರ್ ಎಸ್ ಸಲಾಮ್
೨೪ ನವೆಂಬರ್ ೨೦೨೪

ಅಪ್ಪಾ,

ಮಾಡಲಿ. ಸೀರೆಯನ್ನೂ ಕೊಡಲಿ.

ಫೋಟೋ ಮಾತ್ರ ಕಳಿಸಬೇಡಿ. ಮಾಲಾಗೂ ಹೇಳಿ.

ಅನ್ನಪೂರ್ಣಾ


ಬೈಲಹೊಂಗಲ
೧೮ ಡಿಸೆಂಬರ್ ೨೦೨೪

ಅನ್ನಪೂರ್ಣಾ,

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ಒಂದಿಷ್ಟೂ ಒಗ್ಗರಣೆ ಹಾಕುವುದಿಲ್ಲ.

ಭಾನುವಾರ ಬೆಳಿಗ್ಗೆ ಸಾಂಬ್ರಾ ವಿಮಾನ ನಿಲ್ದಾಣದಿಂದ ಮಡಿವಾಳೆಪ್ಪ ಅವರನ್ನು ಕರೆತಂದ. ನಿನ್ನವ್ವ ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಹಿಂದೆ ಹೆಂಗಸರು ಹಾಡು ಎತ್ತಿಕೊಂಡಿದ್ದರು. ನೀಮಾ ಕಾರಿನಿಂದ ಇಳಿದು ನಕ್ಕಳು. ಎಲಿಯಾ ನಗಲಿಲ್ಲ. ಆಕೆಯನ್ನು ಹಿಂದೆ ನಿಲ್ಲಿಸಿ, ಬೂಟು ಬಿಚ್ಚಿ, ತಾನೊಬ್ಬನೇ ಮೆಟ್ಟಿಲು ಹತ್ತಿದ. ಆರತಿ ತಟ್ಟೆ ಹಿಡಿದಿದ್ದ ನಿನ್ನವ್ವನ ಮುಂಗೈಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ತಲೆ ತಗ್ಗಿಸಿದ. ಸಾಲಿಯ ಹುಡುಗ ಉರು ಹೊಡೆದದ್ದು ಒಪ್ಪಿಸಿದ ಹಾಗೆ ಒಂದೇ ಉಸಿರಿಗೆ ಅಂದ:

"ಕೂಸು ಹೋಗಿದ್ದು ಭಾಳ ವಾಯಿಟ್ಟ ಆತ್ರಿ ಅವ್ವಾರ. ನಮ್ಮ ಅವ್ವ ಮಣ್ಣ ಕೊಟ್ಟಾಳ್ರಿ."

ಹಾಡು ನಿಂತಿತು.

"ಯಾರ ಕೂಸಪ್ಪ?" ಎಂದಳು ನಿನ್ನವ್ವ.

ಅದರ ಮುಂದಿನ ಕನ್ನಡ ಆತ ಕಲಿತಿರಲಿಲ್ಲ. "ಅನ್ನಪೂರ್ಣಾ" ಎಂದ.

ನಿನ್ನವ್ವ ನನ್ನ ಕಡೆ ನೋಡಿದಳು. ನಾನು ತಟ್ಟೆಯಲ್ಲಿದ್ದ ದೀಪ ನೋಡಿದೆ. ಅಷ್ಟರಲ್ಲೇ ಆಕೆಗೆ ಎಲ್ಲ ತಿಳಿಯಿತು.

ಆಮೇಲೆ ಕೇಳಿದಾಗ ಎಲಿಯಾ ಹೇಳಿದ್ದು ಇಷ್ಟು. ಅವರ ಕಡೆ, ಸಾವಾದ ಮನೆಗೆ ಮೊದಲ ಸಲ ಹೋದಾಗ ಹೊಸ್ತಿಲಲ್ಲೇ ಆ ಮಾತು ಹೇಳಬೇಕು. ಹೇಳದೆ ಆ ಮನೆಯ ಅನ್ನ ಮುಟ್ಟಬಾರದು. ಹೇಳದೆ ಬಂದರೆ ಮುಖ ನೋಡುವುದಿಲ್ಲ ಎಂದು ಆತನ ತಾಯಿ ಫೋನಿನಲ್ಲಿ ತಾಕೀತು ಮಾಡಿದ್ದಳಂತೆ. ಅಜ್ಜಿಗೇ ಗೊತ್ತಿರಲಿಕ್ಕಿಲ್ಲ ಎಂಬುದು ಆತನ ಕನಸಿನಲ್ಲೂ ಬಂದಿಲ್ಲ. ಅಜ್ಜಿಗೆ ಹೇಳದ ಸಾವು ಅವರಲ್ಲಿ ಇಲ್ಲವಂತೆ. ಮಡಿವಾಳೆಪ್ಪ ಅಳುಮೋರೆ ಮಾಡಿಕೊಂಡು, "ನನಗೇನ ಗೊತ್ರಿ ಸಾಹುಕಾರ? ಕೂಸ ಸತ್ತ ಮನ್ಯಾಗ ಏನಂತೀರಿ ಅಂತ ಕೇಳಿದ್ರು, ಕಲಿಸಿದ್ನಿ. ಯಾರದೋ ಅಂದಕೊಂಡ್ನಿ" ಎಂದ. ಆತನ ತಾಯಿ ನಿನ್ನ ಜೊತೆಗಿದ್ದಳೆಂದು ನೀನೇ ಬರೆದಿದ್ದೆ. ತಾಯಿಗೆ ಗೊತ್ತಿದ್ದದ್ದು ಮಗನಿಗೆ ಗೊತ್ತಿರುತ್ತದೆ ಎಂಬ ಸಾದಾ ಕೂಡುವ ಲೆಕ್ಕ ನನಗೆ ಹೊಳೆಯಲಿಲ್ಲ.

ನಿನ್ನವ್ವ ತಟ್ಟೆ ಬೀಳಿಸಲಿಲ್ಲ. ಆರತಿ ಎತ್ತಿ, "ಕಾಲ ತೊಳಕೊಂಡ ಒಳಗ ಬಾ ಯಲ್ಲಪ್ಪ" ಎಂದಳು. ನೀಮಾಳ ಕೈ ಹಿಡಿದು ತಂದು ಮಣೆಯ ಮೇಲೆ ಕೂರಿಸಿದಳು. ಹೆಂಗಸರು ಮುಖ ಮುಖ ನೋಡುತ್ತ ನಿಂತಿದ್ದರು.

"ಹಾಡ್ರೆ. ಯಾಕ ನಿಂತ್ರಿ? ಈ ಹುಡುಗಿ ಹೊಟ್ಟ್ಯಾಗ ಕೂಸ ಐತಿ."

ಹಾಡಿದರು. ಸೀರೆ ಉಡಿಸಿದಳು, ನಿರಿಗೆಯನ್ನು ತಾನೇ ಹಿಡಿದಳು. ಬಳೆಗಾರ ಬಳೆ ಇಟ್ಟ. ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕುವಾಗ ನೀಮಾ ಅತ್ತುಬಿಟ್ಟಳು. ನಿನ್ನವ್ವ ಆಕೆಯ ಕಣ್ಣು ಒರೆಸಿದಳೇ ಹೊರತು ತಾನು ಅಳಲಿಲ್ಲ. ಬೀಗರೆಲ್ಲ ಉಂಡು ಹೋದರು. ಅವತ್ತು ಹೋಳಿಗೆ ಉಳಿದವು. ನಮ್ಮ ಮನೆಯಲ್ಲಿ ಮೊದಲ ಸಲ.

ಎಲ್ಲರೂ ಹೋದ ಮೇಲೆ ನನ್ನನ್ನು ಕೇಳಿದಳು.

"ನಿಮಗ ಯಾವಾಗಿಂದ ಗೊತ್ತು?"

"ದೀಪಾವಳಿ ಆದ ಮ್ಯಾಲಿಂದ."

"ಅಂದ್ರ ನಾ ಆಕಿಗೆ ತೊಡಸೂ ಬಳಿ ಅಳತಿಗೆ ನನ್ನ ಕೈ ಹಿಡದ ನೋಡಾಕ ಹತ್ತಿದ್ನೆಲ್ಲಾ, ಅವಾಗೂ ಗೊತ್ತಿತ್ತು."

ಅಷ್ಟೇ. ಅಲ್ಲಿಂದ ಈಚೆಗೆ ನನ್ನ ಜೊತೆ ಮಾತಿಲ್ಲ. ಎದೆಗೆ ಏನೂ ಆಗಿಲ್ಲ, ಡಾಕ್ಟರರಿಗೆ ತೋರಿಸಿದೆವು. ಆ ಸ್ಟೆಂಟಿನ ಹೆಸರು ಹೇಳಿಕೊಂಡು ನಾವಿಬ್ಬರೂ ನಮ್ಮ ಹೆದರಿಕೆ ಮುಚ್ಚಿಕೊಂಡೆವೇನೋ.

ಅಪ್ಪ


ದಾರ್ ಎಸ್ ಸಲಾಮ್
೪ ಜನವರಿ ೨೦೨೫

ಅಪ್ಪಾ,

ಎಲಿಯಾ ಫೋನಿನಲ್ಲಿ ಕ್ಷಮೆ ಕೇಳಿದ. ಯಾರಾದರೂ ಹೇಳಬೇಕಿತ್ತು, ಹೇಳಲು ಬಾರದ ಭಾಷೆಯಲ್ಲಿ ಅವನು ಹೇಳಿದ.

ನಾನು ಫೋನು ಮಾಡಿದಾಗಲೆಲ್ಲ ಮಾಲಾ ಎತ್ತುತ್ತಾಳೆ. ಅತ್ತಿ ಹಿತ್ತಲದಾಗ ಅದಾರ, ಅತ್ತಿ ಮಲಗ್ಯಾರ, ಅತ್ತಿ ಗುಡಿಗೆ ಹೋಗ್ಯಾರ. ಮೊನ್ನೆ ಅವಳು ಹಾಗೆನ್ನುವಾಗ ಹಿಂದೆ ಅವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳಿಸುತ್ತಿತ್ತು. ನಾನು ಫೋನು ಇಡದೆ ಅದನ್ನೇ ಕೇಳುತ್ತ ಕೂತೆ. ರೊಟ್ಟಿ ಮುಗಿಯುವವರೆಗೆ.

ಅವಳು ನನ್ನ ಮೇಲೆ ಸಿಟ್ಟಾಗಿದ್ದಾಳೆಯೇ? ಒದೆಯುತ್ತದೆ ಎಂದು ಹೇಳಿದ್ದನ್ನು ಅವಳು ಕ್ಷಮಿಸಲಿಕ್ಕಿಲ್ಲ. ನಾನಾದರೆ ಕ್ಷಮಿಸುತ್ತಿರಲಿಲ್ಲ.

ಇನ್ನು ಆ ಊರಿಗೆ ಯಾವ ಮುಖ ಹೊತ್ತು ಬರಲಿ ಎಂದು ತಿಳಿಯುತ್ತಿಲ್ಲ. ಇಲ್ಲಿನ ಅವಧಿಯನ್ನು ಇನ್ನೂ ಎರಡು ವರ್ಷ ಮುಂದುವರಿಸುತ್ತೀರಾ ಎಂದು ಕೇಳಿದ್ದಾರೆ. ಹೂಂ ಎನ್ನಬೇಕೆಂದಿದ್ದೇನೆ.

ಅನ್ನಪೂರ್ಣಾ


ಬೈಲಹೊಂಗಲ
೨೦ ಜನವರಿ ೨೦೨೫

ಅನ್ನಪೂರ್ಣಾ,

ಹೂಂ ಎಂದಿದ್ದರೆ ಎಂದಿರು, ಆದರೆ ಇದನ್ನು ಓದಿ ಮುಗಿಸಿ ಇನ್ನೊಂದು ಸಲ ಆಲೋಚಿಸು.

ನಿನ್ನ ಪತ್ರವನ್ನು ಈ ಸಲ ಅಂಗಡಿಯಲ್ಲಿ ಇಡಲಿಲ್ಲ. ಅಕ್ಟೋಬರಿನದನ್ನೂ ಸೇರಿಸಿ ಮನೆಗೆ ಒಯ್ದು ನಿನ್ನವ್ವನ ಎದುರಿಗೆ ಗಟ್ಟಿಯಾಗಿ ಓದಿದೆ. ಆಕೆ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. ಇವತ್ತು ಮಧ್ಯಾಹ್ನ ಅಂಗಡಿಗೆ ಬಂದಳು. ಲಕ್ಷ್ಮೀಪೂಜೆಗೆ ಬಿಟ್ಟರೆ ಈ ಮೆಟ್ಟಿಲು ಹತ್ತಿದವಳಲ್ಲ. ಹಮಾಲರು ಎದ್ದು ನಿಂತರು. ನನ್ನ ಗಾದಿಯ ಮೇಲೆಯೇ ಕೂತಳು.

"ಪೆನ್ನ ತಗೋರಿ."

"ಏನಾತ?"

"ಆಕಿಗೆ ಬರೀರಿ. ನಾ ಹೇಳಿದಂಗ ಬರೀರಿ. ನಡಕ ನಿಮ್ಮ ಶ್ಯಾಣ್ಯಾತನ ಹಾಕಬ್ಯಾಡ್ರಿ."

ಹಾಕುವುದಿಲ್ಲ. ಇಲ್ಲಿಂದ ಮುಂದೆ ಬಾಯಿ ಆಕೆಯದು, ಕೈ ನನ್ನದು.

"ಅನ್ನಪೂರ್ಣಾ, ನಾ ಫೋನಿಗೆ ಬರಲಿಲ್ಲಂತ ಸಿಟ್ಟ ಅನ್ಕೋಬ್ಯಾಡ. ಫೋನಿನ್ಯಾಗ ನೀ ಆರಾಮ ಅದೇನಿ ಅಂತಿ, ನಾ ಹೂಂ ಅನ್ನಬೇಕು. ಅದು ಇನ್ನ ನನ್ನ ಕಡಿಂದ ಆಗೂದಿಲ್ಲ. ಕೇಳೂದ ಭಾಳ ಐತಿ, ಓಣಿ ಕೇಳೂವಂಗ ಕೇಳಾಕ ಬರೂದಿಲ್ಲ.

"ಹೆಣ್ಣೋ ಗಂಡೋ? ಯಾರೂ ನನಗ ಹೇಳಲಿಲ್ಲ. ನಿಮ್ಮಪ್ಪಗ ಕೇಳಿದ್ರ, ನಾ ಕೇಳಲಿಲ್ಲ ಅಂತಾರ. ಊರ ಮಂದಿ ಹೊಲದಾಗ ಎಷ್ಟ ಚೀಲ ಆತ ಅಂತ ಕೇಳೂ ಮನಶ್ಯಾ, ಇದನ್ನ ಕೇಳಲಿಲ್ಲ.

"ಮಾರಿ ನೋಡಿದ್ಯಾ? ಕೂದಲಾ ಇದ್ದೂ? ಯಾರು ನೀರ ಹಾಕಿದ್ರು? ಯಾವ ಅರಿವ್ಯಾಗ ಸುತ್ತಿದ್ರು? ಹೊಸಾದೋ ಹಳೀದೋ? ಹೊಸಾ ಅರಿವಿ ಚುಚ್ಚತೈತಿ. ಯಲ್ಲಪ್ಪನ ಅವ್ವ ಎಲ್ಲಿ ಮಣ್ಣ ಕೊಟ್ಳು? ನೆರಳ ಐತೇನ ಅಲ್ಲಿ?

"ಹಾಲ ಬಂತೇನ? ಎದಿ ಯಾರು ಕಟ್ಟಿದ್ರು?"

ಇಲ್ಲಿ ನನ್ನ ಪೆನ್ನು ನಿಂತಿತು.

"ಯಾಕ ನಿಂತ್ರಿ?"

"ಇದನ್ನ ನಾ ಹೆಂಗ ಬರೀಲಿ?"

"ತೂಕ ಬರೀತೀರಿಲ್ಲ, ಹಂಗ ಬರೀರಿ. ನಿಮ್ಮ ಮಗಳ ಎದಿ ಅದು. ನೋವಾದದ್ದ ಬರದ್ರ ನಿಮ್ಮ ಕೈಗೇನ ಮೈಲಿಗಿ ಆಗೂದಿಲ್ಲ."

ಬರೆದೆ.

"ಇನ್ನ ಕೇಳ. ಕೂಸ ಇಲ್ಲಂದ್ರೂ ನೀ ಬಾಣಂತಿ. ಹಡದಾಕಿ ಹಡದಾಕಿನ. ಹಸಿ ಮೈಲೆ ಹೋಗಿ ಆ ಆಫೀಸಿನ ಎಸಿಯೊಳಗ ಕುಂತಿ, ಯಾರೂ ತಲಿಗೆ ಎಣ್ಣಿ ಹಾಕಲಿಲ್ಲ, ಯಾರೂ ಬೆನ್ನ ಕಾಸಲಿಲ್ಲ. ಆ ಥಂಡಿ ಎಲುವಿನ್ಯಾಗ ಕುಂದರತೈತಿ. ನೀ ಬಾ. ಹಿಂದಿನ ಖೋಲ್ಯಾಗ ಹೊರಸ ಹಾಕಿಸೇನಿ. ಅಂಟಿನ ಉಂಡಿಗೆ ಅಂಟ ತರಿಸೇನಿ. ಎರೀತೇನಿ, ಹೊಗಿ ಹಾಕತೇನಿ, ಅಗ್ಗಿಷ್ಟಿಗಿ ಇಡತೇನಿ. ನೀ ಮಲಗು. ಮಾತಾಡಬೇಕಂದ್ರ ಮಾತಾಡು, ಇಲ್ಲಂದ್ರ ಬ್ಯಾಡ.

"ಓಣ್ಯಾಗಿನವರ ಚಿಂತಿ ಬಿಡ. ನಾನ ಮನಿ ಮನಿಗೆ ಹೋಗಿ ಹೇಳಿ ಬಂದೇನಿ, ನಮ್ಮ ಹುಡುಗಿ ಬಾಣಂತನಕ್ಕ ಬರತಾಳಂತ. ಕೂಸು? ಅಂತ ಕೇಳಿದ್ರು. ಆ ಊರಾಗ ಐತಿ ಅಂದೆ."

ಇನ್ನೇನಾದರೂ ಇದೆಯೇ ಎಂದೆ. "ಒದೀತೈತಿ ಅಂದದ್ದು ಸುಳ್ಳಲ್ಲಂತ ಬರೀರಿ. ಹ್ವಾದ ಮ್ಯಾಲೂ ಹಂಗ ಅನಸತೈತಿ, ಎಲ್ಲಾರಿಗೂ" ಎಂದಳು. ನೀರು ಕುಡಿದು ಎದ್ದು ಹೋದಳು.



ಅಪ್ಪ


ದಾರ್ ಎಸ್ ಸಲಾಮ್
೮ ಫೆಬ್ರುವರಿ ೨೦೨೫

ಅವ್ವಾ,

ಇದನ್ನು ಮಾಲಾ ನಿನಗೆ ಓದಿ ಹೇಳಲಿ. ಅಪ್ಪ ಹೊರಗೆ ಹೋಗಬೇಕೆಂದರೆ ಹೋಗಲಿ, ಕೂರುತ್ತೇನೆಂದರೆ ಕೂರಲಿ.

ಎರಡು ವರ್ಷದ ಮಾತಿಗೆ ಇಲ್ಲ ಎಂದೆ. ಮಾರ್ಚ್ ಮೊದಲ ವಾರ ಬರುತ್ತೇನೆ.

ನೀರು ಹಾಕಿದ್ದು ಮಾಮಾ ಎಲಿಯಾ. ಉಗುರುಬೆಚ್ಚಗಿನ ನೀರು, ಮೊದಲು ತನ್ನ ಕೆನ್ನೆಗೆ ಹಚ್ಚಿ ನೋಡಿದರು. ಸುತ್ತಿದ್ದು ಅವರದೇ ಹಳೆಯ ಬಟ್ಟೆ, ಒಗೆದು ಒಗೆದು ಮೆತ್ತಗಾದದ್ದು. ಆಸ್ಪತ್ರೆಯವರು ನಾವೇ ನೋಡಿಕೊಳ್ಳುತ್ತೇವೆ ಎಂದರು. ಮಾಮಾ ಎಲಿಯಾ ಕೊಡಲಿಲ್ಲ. ಎದೆಗವಚಿಕೊಂಡು ಕಿಬಾಹಾಗೆ ಒಯ್ದರು. ಅವರ ಗಂಡ, ಅವರ ಅತ್ತೆ ಮಲಗಿರುವ ಸಾಲಿನಲ್ಲೇ ಜಾಗ ಕೊಟ್ಟರು. ಗೇರುಮರದ ನೆರಳಿದೆ. ಭಾನುವಾರ ನಾನು ಹೋಗಿ ಕೂರುತ್ತೇನೆ.

ಮುಖ ನೋಡಿದೆ. ಒಬ್ಬರೂ ಕೇಳದ್ದರಿಂದ ನೋಡಿಯೇ ಇಲ್ಲವೇನೋ ಎಂದು ನನಗೇ ಅನಿಸತೊಡಗಿತ್ತು. ಕಿವಿ ನಿನ್ನ ಹಾಗೆ, ಮೇಲಿನ ಅಂಚು ಮಡಚಿದ್ದು. ಕೂದಲಿತ್ತು, ತೆಳ್ಳಗೆ, ಒದ್ದೆಯಾಗಿ. ನನ್ನ ಮೊಳಕೈಯಿಂದ ಅಂಗೈವರೆಗೆ ಇಡೀ ಮೈ.

ಹಾಲು ಬಂತು. ಮನೆಯಲ್ಲಿದ್ದಾಗ ಮಾಮಾ ಎಲಿಯಾ ಬಟ್ಟೆ ಬಿಗಿದು ಕಟ್ಟುತ್ತಿದ್ದರು. ಆಫೀಸಿಗೆ ಹೋದ ಮೊದಲ ದಿನ, ಹತ್ತು ಮಂದಿಯ ಮೀಟಿಂಗಿನಲ್ಲಿ, ಮಾತನಾಡುತ್ತಿರುವಾಗಲೇ ಕುಪ್ಪಸ ನೆನೆಯಿತು. ಫೈಲು ಎದೆಗೆ ಒತ್ತಿಕೊಂಡು ಪಂಪಿನ ದರ ಹೇಳಿ ಮುಗಿಸಿದೆ. ಇದನ್ನು ಅಜಿತ ಅವರಿಗೂ ಹೇಳಿಲ್ಲ. ನಿನಗೆ ಹೇಳುತ್ತಿದ್ದೇನೆ.

ನೀನು ಮೊದಲು ಕೇಳಿದ್ದಕ್ಕೆ ಬರೆಯದೆ ಮಿಕ್ಕಿದ್ದೆಲ್ಲ ಬರೆದೆ. ಆ ಮಾತನ್ನು ಇವತ್ತಿನವರೆಗೆ ನಾನು ನಮ್ಮ ಭಾಷೆಯಲ್ಲಿ ಒಮ್ಮೆಯೂ ಬಾಯಿಬಿಟ್ಟು ಅಂದಿಲ್ಲ.

ಹೆಣ್ಣು, ಅವ್ವಾ.

ನಿನ್ನ ಮಗಳು
ಅನ್ನಪೂರ್ಣಾ